ಹೂನೋಟದ ದಿನ ಸೀಳಿದ ಮುಖವಾಡ

ಇನುಯಿ ಸೋಕಿಚಿ ಮತ್ತೊಮ್ಮೆ ತಕಿಯಮ್ಮನ ಬಟ್ಟಲಿಗೆ ಸಾಕೆ ಮದ್ಯ ಬಗ್ಗಿಸಿದಾಗ ಹಮುರೊ ಮೇಷ್ಟ್ರು ಮುಖ ತಿರುಗಿಸಿ, ಶೌಚಾಲಯಕ್ಕೆ ಹೋಗುವ ಕಾಲುದಾರಿಯನ್ನು ನೋಡುತ್ತ ಕೂತರು. ಆ ಕಡೆ ನೋಡಲು ಬೇರೇನೂ ಇರಲಿಲ್ಲ. ಉತತ್ಸು ಗುಡ್ಡದ ತುಂಬ ಸಕುರ ಮರಗಳು ಮೈತುಂಬ ಹೂ ಹೊತ್ತು ನಿಂತಿದ್ದವು. ಇನುಯಿ ಮಾತ್ರ ಇಳಿಜಾರಿನ ಅಂಚಿನಲ್ಲಿದ್ದ ಒಂದು ಬಡಕಲು ಮರದ ಕೆಳಗೆ ಚಾಪೆ ಹಾಸಿದ್ದ. ಹೂವಿಗಿಂತ ಹೋಗಿಬರುವವರ ಕಾಲುಗಳೇ ಹೆಚ್ಚು ಕಾಣುವ ಜಾಗ ಅದು.

"ಪ್ರತಿ ವರ್ಷ ಹೂ ನೋಡೋ ಕೂಟಕ್ಕೆ ಚಿಕ್ಕವರು ಚಳೀಲಿ ಬಂದು ಜಾಗ ಕಾಯ್ತಾರೆ, ನಾನು ಸಾಕೆ ಬಿಸಿಯಾದ ಮೇಲೆ ಬಂದು ಕೂರ್ತೀನಿ," ಇನುಯಿ ಹೇಳಿದ. "ಈ ಸಲ ನನ್ನ ಶಿಷ್ಯೆ ಚಿಸೆಯ ಹೂನೋಟ. ಅವಳ ಮರ್ಯಾದೆಗೋಸ್ಕರ ನಾನೇ ಬಂದೆ. ಬೆಳಕು ಹರಿಯೋ ಮೊದಲೇ ಹಾಸಿದ ಚಾಪೆ ಇದು."

"ಅಷ್ಟು ಬೇಗ ಬಂದೋರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲಿಲ್ವಾ?" ಎಂದರು ಮೇಷ್ಟ್ರು.

"ಗದ್ದಲ ಕಮ್ಮಿ ಮೇಷ್ಟ್ರೇ. ಮಾತಾಡೋಕೆ ಚೆನ್ನಾಗಿರುತ್ತೆ," ಎಂದು ಇನುಯಿ ನಕ್ಕ. ತಕಿಯಮ್ಮನೂ ನಕ್ಕರು. ಆ ನಗು ಮೇಷ್ಟ್ರ ಎದೆಗೆ ಮುಳ್ಳಿನಂತೆ ಚುಚ್ಚಿತು.

ಅದಕ್ಕೆ ಕಾರಣವಿತ್ತು. ಇನುಯಿ ಕನಜಾವ ಊರಿಗೇ ಹೆಸರಾದ ಮುಖವಾಡದ ಶಿಲ್ಪಿ. ಅವನು ಕೆತ್ತಿದ್ದನ್ನು ಹಾಕಿಕೊಂಡು ರಂಗಕ್ಕೆ ಹೋಗುವುದೆಂದರೆ 'ನೋ' ನಾಟಕದ ನಟರಿಗೆ ಹೆಮ್ಮೆ. ಹರೆಯದಲ್ಲಿ ಅವನ ಕಡೆಯಿಂದ ತಕಿಯಮ್ಮನ ಮನೆಗೆ ಸಂಬಂಧ ಕೇಳಿಕೊಂಡು ಬಂದಿದ್ದರಂತೆ. ಅದು ಕೂಡಿಬರಲಿಲ್ಲ. ಆಮೇಲೆ ಓರಿಯೆಯನ್ನು ಹುಡುಕಿ ಅವನಿಗೆ ಮದುವೆ ಮಾಡಿಸಿದವರೂ ತಕಿಯಮ್ಮನೇ. ಮದುವೆ ಕುದುರಿಸುವುದೇ ಅವರ ಕಸುಬು. ಎರಡು ಮನೆಗಳ ಒಳಗುಟ್ಟನ್ನು ಸದ್ದಿಲ್ಲದೆ ವಿಚಾರಿಸಿ ತಿಳಿಯುವ ಅಭ್ಯಾಸ ಅವರನ್ನು ಎಂತೆಂಥದೋ ಕೇಸುಗಳಿಗೆ ಎಳೆದೊಯ್ದಿತ್ತು. ಪೊಲೀಸ್ ಸಾರ್ಜೆಂಟ್ ಮೊಗಿ ಕೂಡ ತಲೆ ಕೆಟ್ಟಾಗ ಅವರ ಬಾಗಿಲಿಗೇ ಬರುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಹಮುರೊ ಮೇಷ್ಟ್ರು ಅವರ ಕೊಡೆ ಹಿಡಿದು ಜೊತೆಗೆ ಓಡಾಡುತ್ತಿದ್ದರು. ಊರಿನವರು ಏನೆಂದುಕೊಳ್ಳುತ್ತಾರೆಂಬುದು ಅವರಿಗೆ ಗೊತ್ತಿತ್ತು. ತಕಿಯಮ್ಮ ಏನೆಂದುಕೊಳ್ಳುತ್ತಾರೆಂಬುದೇ ಗೊತ್ತಿರಲಿಲ್ಲ.

ಅವತ್ತು ಬೆಳಗ್ಗೆ ಗಾಳಿ ಅನ್ನುವುದೇ ಇರಲಿಲ್ಲ. ಊಟಕ್ಕೆ ಮುಂಚೆ ಬೆಟ್ಟದ ಕಡೆಯಿಂದ ಒಮ್ಮೆಲೇ ಹುಚ್ಚುಗಾಳಿ ಎದ್ದು, ಊರಿನ ಬಾಗಿಲುಗಳನ್ನೆಲ್ಲ ಗಡಗಡಿಸಿ, ಗುಡ್ಡದ ನೆಲಕ್ಕೆಲ್ಲ ಹೂಪಕಳೆ ಹಾಸಿ ತಣ್ಣಗಾಗಿತ್ತು. ಅತಿಥಿಗಳು ಬಂದದ್ದು ಆಮೇಲೆ. ಇನುಯಿಯ ಹೆಂಡತಿ ಓರಿಯೆ ಹೊಳೆಯಾಚೆ ತಂಗಿಯ ಮನೆಯಲ್ಲಿ ಅಡುಗೆ ಮುಗಿಸಿ ಬುತ್ತಿಗಳನ್ನು ಹೊತ್ತು ತಂದಿದ್ದಳು. ಹಿರಿಯ ಶಿಷ್ಯ ಹಿದೆಜೋ ಸಾಕೆ ತರಲು ಹೋದವನು ತುಂಬ ತಡವಾಗಿ ಬಂದ. ಯಾರ ಮುಖವನ್ನೂ ನೋಡದೆ ಒಂದು ಮೂಲೆಯಲ್ಲಿ ಕೂತ. ಕಿರಿಯ ಶಿಷ್ಯೆ ಚಿಸೆ, ತಲೆ ಬಾಚಿಸಿಕೊಂಡು, ರೈಲಿನಿಂದ ಇಳಿಯುವ ಹಿರಿಯ ನಟ ಕಂಬೆಯವರನ್ನು ಕರೆದುಕೊಂಡು ಬರಬೇಕಿತ್ತು. ಊಟವಾದ ಮೇಲೆ ಎಲ್ಲರೂ ಕಾರ್ಯಾಗಾರಕ್ಕೆ ಹೋಗಿ ಅವಳು ಕೆತ್ತಿದ ಹನ್ಯ ಮುಖವಾಡವನ್ನು ಕಂಬೆಯವರ ಕೈಗೊಪ್ಪಿಸುವುದೆಂದು ಮಾತಾಗಿತ್ತು. ಹನ್ಯವೆಂದರೆ ಹೊಟ್ಟೆಕಿಚ್ಚಿನಿಂದ ರಾಕ್ಷಸಿಯಾದ ಹೆಣ್ಣು. ತಲೆಗೆ ಎರಡು ಕೊಂಬು, ಕಿವಿಯವರೆಗೆ ಸೀಳಿದ ಬಾಯಿ. ಚಿಸೆಯ ಹನ್ಯವನ್ನು ಹಿಂದಿನ ವಾರ ನೋಡಿದ್ದ ಕಂಬೆಯವರು ಅದನ್ನು ಕೆಳಗಿಡಲು ಮನಸ್ಸಾಗದೆ ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರಂತೆ.

ಕಂಬೆಯವರು ಒಬ್ಬರೇ ಬಂದರು. "ನಿಲ್ದಾಣಕ್ಕೆ ಯಾರೂ ಬರಲಿಲ್ಲ," ಎನ್ನುವಷ್ಟರಲ್ಲಿ ಹಿಂದಿನಿಂದ ಇನುಯಿಯ ನೆರೆಮನೆಯ ಮೀನಿನಂಗಡಿ ಹೆಂಗಸು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು.

"ಚಿಸೆ ನಿಮ್ಮನೆ ಮೆಟ್ಟಿಲ ಕೆಳಗೆ ಬಿದ್ದಿದ್ದಾಳೆ. ಕೈ ಮುರಿದಿದೆ. ಆಸ್ಪತ್ರೆಗೆ ಕಳಿಸಿದ್ವಿ," ಎಂದಳು. "ಮೇಲೆ ಮುಖವಾಡ ಎರಡು ಹೋಳಾಗಿದೆ."

ಎಲ್ಲರೂ ಓಡಿದರು. ಬುತ್ತಿ, ಬಟ್ಟಲು, ಚಾಪೆ ಎಲ್ಲ ಕಟ್ಟಿಕೊಂಡು ಬರುವ ಕೆಲಸ ಮೇಷ್ಟ್ರ ತಲೆಗೆ ಬಿತ್ತು. ತಕಿಯಮ್ಮ ಇನುಯಿಯ ಪಕ್ಕದಲ್ಲೇ ಇಳಿದು ಹೋದದ್ದನ್ನು ನೋಡುತ್ತ ಅವರು ಗೊಣಗಿಕೊಂಡು ಚಾಪೆ ಸುತ್ತಿದರು.

ಕಾರ್ಯಾಗಾರ ಮನೆಯ ಮಹಡಿಯಲ್ಲಿತ್ತು. ಮೇಷ್ಟ್ರು ಬರುವ ಹೊತ್ತಿಗೆ ಸಾರ್ಜೆಂಟ್ ಮೊಗಿ ಹಿದೆಜೋನನ್ನು ಮೂಲೆಗೆ ನಿಲ್ಲಿಸಿ ಪ್ರಶ್ನೆ ಹಾಕುತ್ತಿದ್ದ. ಒಂದು ಮೆತ್ತೆಯ ಮೇಲೆ ಹನ್ಯ ಬೋರಲಾಗಿ ಬಿದ್ದಿತ್ತು. ಹಣೆಯಿಂದ ಗಲ್ಲದವರೆಗೆ ಒಂದೇ ಪೆಟ್ಟಿಗೆ ಸೀಳಿತ್ತು. ಪಕ್ಕದಲ್ಲಿದ್ದ ಅಗಲ ಬಾಯಿಯ ಉಳಿ ಹಿದೆಜೋನದು.

"ನನ್ನ ಉಳಿಯಿಂದ ಒಡೆದು ಅಲ್ಲೇ ಬಿಟ್ಟು ಹೋಗೋಕೆ ನನಗೇನು ತಲೆ ಕೆಟ್ಟಿದೆಯಾ ಸಾರ್?"

"ಹೊಟ್ಟೆಕಿಚ್ಚು ಬಂದಾಗ ತಲೆ ಕೆಡುತ್ತೆ," ಎಂದ ಮೊಗಿ. "ನೀನು ಇಷ್ಟು ವರ್ಷ ಇಲ್ಲಿ ಮರ ಹೊತ್ತೆ. ನಿನ್ನೆ ಮೊನ್ನೆ ಬಂದ ಹುಡುಗಿ ಹೆಸರು ಮಾಡಿದಳು. ಸಾಕೆ ಅಂಗಡಿಯಿಂದ ಬೇಗ ಹೊರಟವನು ಗುಡ್ಡಕ್ಕೆ ಅಷ್ಟು ತಡವಾಗಿ ಯಾಕೆ ಬಂದೆ? ನಡುವೆ ಎಲ್ಲಿದ್ದೆ?"

ಹಿದೆಜೋ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

"ಅವನಲ್ಲ ಸಾರ್ಜೆಂಟ್," ಇನುಯಿ ದಣಿದ ದನಿಯಲ್ಲಿ ಹೇಳಿದ. "ಅವನೇ ಆಗಿದ್ರೂ ನಾನು ದೂರು ಕೊಡೋಲ್ಲ. ನನ್ನ ಮಗನ ಹಾಗೆ ಅವನು."

ಎಂಥ ದೊಡ್ಡ ಮನಸ್ಸು ಎಂದು ಓರಿಯೆ ಕಣ್ಣೊರೆಸಿಕೊಂಡಳು. ತಕಿಯಮ್ಮ ಮಾತ್ರ ಯಾರ ಮಾತಿಗೂ ಕಿವಿಗೊಟ್ಟಂತೆ ಕಾಣಲಿಲ್ಲ. ಚಿಸೆ ಕೂರುವ ಜಾಗದಲ್ಲಿ ಮರದ ಚಕ್ಕೆಗಳು ಪಾದ ಮುಚ್ಚುವಷ್ಟು ಬಿದ್ದಿದ್ದವು. ಹಿದೆಜೋನ ಜಾಗದಲ್ಲೂ ಚಕ್ಕೆಗಳಿದ್ದವು. ಗುರುಗಳ ಜಾಗ ಗುಡಿಸಿಟ್ಟ ಹಾಗೆ ಚೊಕ್ಕಟವಾಗಿತ್ತು. ತಕಿಯಮ್ಮ ಬಗ್ಗಿ ಇನುಯಿಯ ಸಾಣೆಕಲ್ಲಿನ ಮೇಲೆ ಬೆರಳಾಡಿಸಿದರು. ಬೆರಳಿಗೆ ಒಣ ಧೂಳು ಅಂಟಿತು.

ಹಿದೆಜೋನನ್ನು ಮೊಗಿ ಠಾಣೆಗೆ ಕರೆದುಕೊಂಡು ಹೋದ.

ಆಸ್ಪತ್ರೆಯಲ್ಲಿ ಚಿಸೆಯ ಬಲಗೈಗೆ ಮೊಣಕೈವರೆಗೆ ಪಟ್ಟಿ ಸುತ್ತಿದ್ದರು. ಅವಳು ಅಳುತ್ತಿರಲಿಲ್ಲ. ಪಟ್ಟಿಯಿಂದ ಹೊರಗೆ ಕಾಣುತ್ತಿದ್ದ ಬೆರಳ ತುದಿಗಳನ್ನೇ ನೋಡುತ್ತಿದ್ದಳು.

"ಮುಖವಾಡ ಹಾಕಿಕೊಡೋ ಜರಿಚೀಲ ತೆಗೆದಿಡೋದು ಮರೆತಿದ್ದೆ ತಕಿಯಮ್ಮ. ಅದಕ್ಕೇ ವಾಪಸ್ ಬಂದೆ. ಒಳಗೆ ಕಾಲಿಡ್ತಿದ್ದ ಹಾಗೇ ಗಾಳಿ ಶುರುವಾಯ್ತು. ಬಾಗಿಲೆಲ್ಲ ಬಡಕೊಳ್ತಿತ್ತು. ಮೇಲೆ ಏನೋ ಶಬ್ದ ಆಯ್ತು, ಕಿಟಕಿ ಇರಬೇಕು ಅಂತ ಹತ್ತಿದೆ. ಕೊನೇ ಮೆಟ್ಟಿಲಲ್ಲಿ ಯಾರೋ ನುಗ್ಗಿ ಬಂದು ತಳ್ಳಿದರು. ಮೆಟ್ಟಿಲ ಹತ್ತಿರ ಕತ್ತಲು, ಮುಖ ಕಾಣಲಿಲ್ಲ."

"ಎಚ್ಚರ ಆದಾಗ ಹೇಗೆ ಬಿದ್ದಿದ್ದೆ?"

"ಮೀನಿನಂಗಡಿ ಅಕ್ಕ ಕರೀತಿದ್ರು. ತಲೆ ಕೆಳಗೆ ಮೆತ್ತೆ ಇತ್ತು."

"ಅವಳು ಇಟ್ಟಳಾ?"

"ಇಲ್ಲ. ತಾನು ಬಂದಾಗಲೇ ಇತ್ತು ಅಂದ್ರು." ಚಿಸೆ ಪಟ್ಟಿಯಿಂದ ಕಣ್ಣೆತ್ತಿದಳು. "ಹಿದೆಜೋ ಅಣ್ಣ ಅಂತಿದ್ದಾರೆ ಎಲ್ಲರೂ. ಅವನಿಗೆ ನನ್ನ ಕಂಡರೆ ಆಗಲ್ಲ, ನಿಜ. ಆದ್ರೆ ಅವನು ಮುಂದೆ ನಿಂತು ಬೈಯೋನು. ಹಿಂದಿನಿಂದ ಏನೂ ಮಾಡೋನಲ್ಲ."

ಹೊರಗೆ ಬಂದ ಮೇಲೆ ತಕಿಯಮ್ಮ ಕೇಳಿದರು, "ನಿಮಗೇನನ್ಸುತ್ತೆ ಮೇಷ್ಟ್ರೇ, ಯಾರಿರಬಹುದು?"

"ಇನುಯಿ," ಎಂದುಬಿಟ್ಟರು ಮೇಷ್ಟ್ರು. ಹೇಳಿದ ಮೇಲೆ ನಾಚಿಕೆಯಾಯಿತು.

"ಯಾಕೆ?"

"ಯಾಕೂ ಇಲ್ಲ ಬಿಡಿ. ಆ ಮನುಷ್ಯನ ನಗು ನನಗೆ ಹಿಡಿಸಲ್ಲ. ನೀವು ಅದಕ್ಕೆ ನಗೋದೂ ಹಿಡಿಸಲ್ಲ."

ತಕಿಯಮ್ಮ ಅವರ ಕಡೆ ಓರೆಗಣ್ಣಿನಿಂದ ನೋಡಿದರು. "ಅವನ ಮೇಲೆ ಇನ್ನೇನೇನು ಕೋಪ ಇದೆಯೋ ಎಲ್ಲ ಹೇಳಿ. ಒಂದೂ ಬಿಡಬೇಡಿ."

ಕೇಳಿದ್ದೇ ತಡ, ಮೇಷ್ಟ್ರು ಹೊಳೆದಂಡೆಯುದ್ದಕ್ಕೂ ಬೈದುಕೊಂಡೇ ನಡೆದರು. ನಸುಕಿನಲ್ಲಿ ಬಂದೆ ಎನ್ನುತ್ತಾನೆ, ಕೂರಿಸಿದ್ದು ಶೌಚಾಲಯದ ದಾರಿಯಲ್ಲಿ. ಪಕ್ಕದ ನೇಕಾರರ ಕೂಟವೂ ನಸುಕಿನಲ್ಲೇ ಬಂದದ್ದಂತೆ; ದೊಡ್ಡ ಮರದ ನೆರಳೆಲ್ಲ ಅವರದೇ. ಅವರ ಅದೃಷ್ಟ ನೋಡಿ, ಹೋಗುವಾಗ ಚಾಪೆ ಎತ್ತಿದರೆ ಕೆಳಗೆ ಬರಿಯ ಕಪ್ಪು ಮಣ್ಣು. ಕೊಡವಿ ಸುತ್ತಿಕೊಂಡು ಹೋದರು. ಇವನ ಚಾಪೆಯ ಅಡಿಗೆ ಮಾತ್ರ ರಾಶಿ ಪಕಳೆ ಒದ್ದೆಯಾಗಿ ಅಂಟಿಕೊಂಡಿತ್ತು. ಕೆರೆದು ಕೆರೆದು ಉಗುರು ನೋವು ಬಂತು, ಅರ್ಧ ತಮ್ಮ ಅಂಗಿಯ ತೋಳಿನೊಳಗೇ ಹೋಯಿತು.

ತಕಿಯಮ್ಮ ನಡೆಯುವುದನ್ನು ನಿಲ್ಲಿಸಿದರು. ಮುಖದಲ್ಲಿ ಸಂತೋಷವಿರಲಿಲ್ಲ. ಸ್ವಲ್ಪ ಹೊತ್ತು ಅಸಾನೊ ಹೊಳೆಯ ನೀರನ್ನೇ ನೋಡುತ್ತ ನಿಂತಿದ್ದು, "ಮೊಗಿಗೆ ಹೇಳಿ ಮೇಷ್ಟ್ರೇ, ನಿಂತುಹೋದ ಹೂನೋಟ ಮುಗಿಸಬೇಕು ಅಂತ," ಎಂದರು. "ಎಲ್ಲರೂ ಬರಲಿ. ಹಿದೆಜೋನೂ."

ಆ ವಾರದ ಕೊನೆಯಲ್ಲಿ ಅದೇ ಬಡಕಲು ಮರದ ಕೆಳಗೆ ಎಲ್ಲರೂ ಮತ್ತೆ ಸೇರಿದರು. ಹೂ ಮುಕ್ಕಾಲು ಉದುರಿ ಕೊಂಬೆಗಳಲ್ಲಿ ಕೆಂಪು ಚಿಗುರು ಕಾಣುತ್ತಿತ್ತು. ಚಿಸೆ ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಬಂದಿದ್ದಳು. ಹಿದೆಜೋ ಮೊಗಿಯ ಪಕ್ಕದಲ್ಲಿ ತಲೆತಗ್ಗಿಸಿ ಕೂತ. ಕಂಬೆಯವರು, ಓರಿಯೆ, ಇನುಯಿ ಎದುರಿಗಿದ್ದರು. ಈ ಸಲ ಸಾಕೆಯನ್ನು ಯಾರೂ ಮುಟ್ಟಲಿಲ್ಲ.

"ಮೊದಲು ಹಿದೆಜೋನ ಮಾತು ಮುಗಿಸೋಣ," ತಕಿಯಮ್ಮ ಶುರುಮಾಡಿದರು. "ಸಾಕೆ ಅಂಗಡಿಗೂ ಈ ಗುಡ್ಡಕ್ಕೂ ನಡುವೆ ಒಂದು ದೇವಸ್ಥಾನ ಇದೆ. ಅಲ್ಲಿನ ಅರ್ಚಕರ ಹೆಂಡತಿ ನನಗೆ ಪರಿಚಯ. ಗಾಳಿ ಬಂದಾಗ ಒಬ್ಬ ಮನುಷ್ಯ ಸಾಕೆ ಪೀಪಾಯಿ ಪಕ್ಕದಲ್ಲಿಟ್ಟುಕೊಂಡು ದೇವರ ಮುಂದೆ ಕೂತಿದ್ದನಂತೆ. ಅವಳು ಟೀ ಕೊಟ್ಟಳಂತೆ, ಕುಡೀಲಿಲ್ಲವಂತೆ. ಏನು ಬೇಡಿಕೊಂಡೆ ಹಿದೆಜೋ?"

ಹಿದೆಜೋನ ಕಿವಿ ಕೆಂಪಾಯಿತು. "ಹೇಳಲೇಬೇಕಾ?"

"ಹೇಳಿದ್ರೆ ಮನೆಗೆ ಹೋಗಬಹುದು," ಎಂದ ಮೊಗಿ.

"ಕಂಬೆಯವರಿಗೆ ಇವಳ ಮುಖವಾಡ ಹಿಡಿಸದೆ ಹೋಗಲಿ ಅಂತ," ಹಿದೆಜೋ ನೆಲ ನೋಡುತ್ತ ಹೇಳಿದ. "ಅದರಲ್ಲಿ ಒಂದು ಬಿರುಕು ಕಾಣಲಿ ಅಂತ ಬೇಡಿಕೊಂಡೆ. ಬಂದು ನೋಡಿದರೆ ಎರಡು ಹೋಳು. ನಾನೇ ಒಡೆದ ಹಾಗೆ ಅನ್ನಿಸ್ತು. ಯಾವ ಬಾಯಲ್ಲಿ ಹೇಳಲಿ?"

ಚಿಸೆ ಅವನನ್ನು ನೋಡಿದಳು. "ಬಿರುಕು ಸಾಕಿತ್ತು ಅಣ್ಣ. ದೇವರು ಸ್ವಲ್ಪ ಜಾಸ್ತಿ ಕೊಟ್ಟ."

ಯಾರೂ ನಗಲಿಲ್ಲ, ಆದರೆ ಹಿದೆಜೋ ಅಷ್ಟು ದಿನಗಳ ಮೇಲೆ ಮೊದಲ ಬಾರಿಗೆ ತಲೆಯೆತ್ತಿದ.

"ಹಾಗಾದ್ರೆ ಯಾರು? ಕಳ್ಳನಾ?" ಮೊಗಿ ಕೇಳಿದ.

"ಕಳ್ಳ ಬಂದಿದ್ರೆ ಮುಖವಾಡ ಎತ್ತಿಕೊಂಡು ಹೋಗ್ತಿದ್ದ. ತಲೆ ಕೆಳಗೆ ಮೆತ್ತೆ ಇಡ್ತಿರಲಿಲ್ಲ. ತಳ್ಳಿದವನಿಗೆ ಆ ಹುಡುಗಿ ಮೇಲೆ ಅಕ್ಕರೆ ಇತ್ತು. ಮುಖವಾಡದ ಮೇಲೂ ಇತ್ತು. ಅದನ್ನ ಮೆತ್ತೆ ಮೇಲೆ ಬೋರಲು ಹಾಕಿ ಹಿಂದಿನಿಂದ ಸೀಳಿದ್ದಾನೆ. ಆ ಕಣ್ಣುಗಳನ್ನ ನೋಡಿಕೊಂಡು ಸೀಳೋಕೆ ಅವನ ಕೈಲಿ ಆಗಲಿಲ್ಲ." ತಕಿಯಮ್ಮ ದನಿ ತಗ್ಗಿಸಿದರು. "ಇನ್ನು ಅವತ್ತಿನ ಏರ್ಪಾಟು ನೋಡಿ. ಓರಿಯೆಯನ್ನ ಹೊಳೆಯಾಚೆ, ಹಿದೆಜೋನನ್ನ ಸಾಕೆಗೆ, ಚಿಸೆಯನ್ನ ನಿಲ್ದಾಣಕ್ಕೆ. ಮನೆ ಖಾಲಿ. ಓರಿಯೆ, ಹೀಗೆ ಕಳಿಸಿದ್ದು ಯಾರು?"

"ಇವರೇ," ಎಂದು ಓರಿಯೆ ಗಂಡನ ಕಡೆ ತಿರುಗಿ ಅಲ್ಲೇ ತಡೆದಳು.

"ಇವರು ಇಲ್ಲಿ ಚಾಪೆ ಮೇಲೆ ಇದ್ರಲ್ಲ, ನಸುಕಿನಿಂದ," ಎಂದರು ಕಂಬೆಯವರು.

"ನಸುಕಿನಲ್ಲಿ ಬಂದೋರಿಗೆ ಈ ಜಾಗ ಯಾಕೆ ಅಂತ ನಮ್ಮ ಮೇಷ್ಟ್ರು ಅವತ್ತೇ ಕೇಳಿದ್ರು. ಆಗ ಗುಡ್ಡ ಪೂರ್ತಿ ಖಾಲಿ, ಯಾವ ಮರ ಬೇಕಾದ್ರೂ ಸಿಗೋದು. ಕೊನೆಗೆ ಬಂದೋರಿಗೆ ಉಳಿಯೋದು ಇದು. ಗದ್ದಲ ಬೇಡ ಅಂದ್ರು, ಒಪ್ಪಿದೆ. ಆದ್ರೆ ಚಾಪೆ ಸುಳ್ಳು ಹೇಳಲ್ಲ. ಬೆಳಗ್ಗೆ ನೆಲದ ಮೇಲೆ ಪಕಳೆ ಇರಲಿಲ್ಲ, ಗಾಳಿ ಬಂದ ಮೇಲೆ ಉದುರಿದ್ದು. ನೇಕಾರರು ನಿಜವಾಗಿ ಬೇಗ ಬಂದಿದ್ರು. ಅವರ ಚಾಪೆ ಕೆಳಗೆ ಬರೀ ಮಣ್ಣು. ಇನುಯಿಯವರ ಚಾಪೆ ಅಡಿಯಲ್ಲಿ ರಾಶಿ ಪಕಳೆ. ಮೇಷ್ಟ್ರು ತಮ್ಮ ಕೈಯಾರೆ ಕೆರೆದಿದ್ದಾರೆ. ಅಂದ್ರೆ ಈ ಚಾಪೆ ಹಾಸಿದ್ದು ಗಾಳಿ ನಿಂತ ಮೇಲೆ. ಚಿಸೆ ಬಿದ್ದದ್ದು ಗಾಳಿ ಬೀಸುವಾಗ."

ಮೇಷ್ಟ್ರಿಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ. ಎದುರಿಗೆ ಕೂತ ಮನುಷ್ಯ ಒಮ್ಮೆಲೇ ಮುದುಕನಾದಂತೆ ಕಂಡ.

"ಖಾಲಿ ಚಾಪೆ ಹಾಸಿ ಹೋಗಿದ್ರೆ ಯಾರಾದ್ರೂ ನೆನಪಿಟ್ಟುಕೊಳ್ತಾರೆ ಅಂತ ಹಾಸದೇ ಇದ್ದಿರಿ ಅನ್ನಿಸುತ್ತೆ," ತಕಿಯಮ್ಮ ಈಗ ನೇರವಾಗಿ ಅವನಿಗೇ ಹೇಳಿದರು. "ಎಲ್ಲರೂ ಹೊರಡೋವರೆಗೆ ಎಲ್ಲೋ ಕಾದಿರಿ. ನಿಮ್ಮ ಉಳಿಗೆ ಅಂಥ ಕೆಲಸ ಮಾಡಿಸೋಕೆ ಮನಸ್ಸಾಗಲಿಲ್ಲ, ಹಿದೆಜೋನದು ತಗೊಂಡಿರಿ. ಯಾಕೆ ಅನ್ನೋದು ಆಮೇಲೆ ನಿಮ್ಮ ಸಾಣೆಕಲ್ಲು ನೆನಪಾದಾಗ ಅಂದಾಜಾಯ್ತು. ಧೂಳು ಕೂತಿತ್ತು. ಈ ಹುಡುಗಿ ಹನ್ಯಕ್ಕೆ ಕೈ ಹಾಕಿದ ಮೇಲೆ ನೀವು ಒಂದು ಚಕ್ಕೆಯನ್ನೂ ಕೆತ್ತಿಲ್ಲ."

"ಹೌದು ತಕಿ ಅಕ್ಕ," ಓರಿಯೆ ಪಿಸುಗುಟ್ಟಿದಳು. "ಉಳಿ ಕೈಗೆತ್ತಿಕೊಳ್ಳೋರು, ಕೆಳಗಿಡೋರು. ನೆಗಡಿ ಅನ್ನೋರು."

ಇನುಯಿ ಮುಂದಿದ್ದ ಬಟ್ಟಲನ್ನು ಬದಿಗೆ ಸರಿಸಿದ. ಆಮೇಲೆ ಚಿಸೆಯ ಕಡೆ ತಿರುಗದೆಯೇ ಹೇಳಿದ, "ತಳ್ಳಬೇಕು ಅಂತ ತಳ್ಳಲಿಲ್ಲ. ಓಡಿಹೋಗೋಕೆ ನೋಡಿದೆ. ನೀನು ಅಡ್ಡ ಬಂದೆ."

"ಅದನ್ನ ಒಪ್ಪಬಹುದು," ಎಂದರು ತಕಿಯಮ್ಮ. ಅವರ ದನಿ ಅಷ್ಟು ಗಡುಸಾದದ್ದನ್ನು ಮೇಷ್ಟ್ರು ಹಿಂದೆಂದೂ ಕೇಳಿರಲಿಲ್ಲ. "ಮೆತ್ತೆ ಇಟ್ಟಿರಿ. ಎರಡು ಹೆಜ್ಜೆ ಆಚೆ ಮೀನಿನಂಗಡಿ ಇತ್ತು, ಒಂದು ಕೂಗು ಹಾಕಿದ್ರೆ ಸಾಕಿತ್ತು. ಕೂಗಲಿಲ್ಲ. ಮುರಿದ ಕೈಯಲ್ಲಿ ಅವಳನ್ನ ಅಲ್ಲೇ ಬಿಟ್ಟು ಬಂದು ಇಲ್ಲಿ ಚಾಪೆ ಹಾಸಿದಿರಿ. ನನ್ನ ಬಟ್ಟಲಿಗೆ ಸಾಕೆ ಬಗ್ಗಿಸಿದಿರಿ. ಆ ಸಾಕೆ ನಾನು ಕುಡಿದೆ. ಅದನ್ನ ಹೇಗೆ ಕ್ಷಮಿಸಲಿ ಹೇಳಿ."

ಇನುಯಿ ತಲೆಬಾಗಿಸಿ ಹಣೆಯನ್ನು ಚಾಪೆಗೆ ಮುಟ್ಟಿಸಿದ. ಓರಿಯೆ ಗಂಡನಿಂದ ತುಸು ದೂರ ಸರಿದು ಕೂತಳು.

ಚಿಸೆ ಅವನ ಕಡೆ ಬಾಗಿದಳು. "ಗುರುಗಳೇ, ಯಾವುದು? ಅದರಲ್ಲಿ ಯಾವುದು ನಿಮ್ಮನ್ನ ಅಷ್ಟು ಸುಟ್ಟಿತು?"

"ಕಣ್ಣಿನ ಕೆಳಗಿನ ಗೆರೆ," ಎಂದ ಇನುಯಿ, ತಲೆಯೆತ್ತದೆ. "ಬಾಯಿ ಬೈತಾ ಇರುತ್ತೆ, ಕಣ್ಣು ಮಾತ್ರ ತನ್ನ ಬಗ್ಗೆ ತಾನೇ ನಾಚಿಕೊಂಡಿರುತ್ತೆ. ನಾನು ಜೀವಮಾನ ಪೂರ್ತಿ ಆ ಗೆರೆಗಾಗಿ ಕೆತ್ತಿದೆ. ನನ್ನ ಕೈಗೆ ಬರಲೇ ಇಲ್ಲ. ನಿನಗೆ ಮೊದಲನೇ ಹನ್ಯದಲ್ಲೇ ಬಂತು."

"ಇದೊಂದು ಮಾತು ಬಾಯಿಬಿಟ್ಟು ಹೇಳಿದ್ರೆ ಆಗಿತ್ತು," ಎಂದಳು ಚಿಸೆ. ಈಗ ಅವಳಿಗೆ ಅಳು ಬಂತು. "ನಾನು ಕಾಯ್ತಿದ್ದೆ. ನೀವು ಏನೂ ಅನ್ನಲಿಲ್ಲ, ಚೆನ್ನಾಗಿಲ್ಲವೇನೋ ಅಂತ ಒಳಗೊಳಗೇ ಸತ್ತೆ. ಈಗ ನೀವು ಹೇಳ್ತಿದ್ದೀರಿ, ನನಗೆ ಸಂತೋಷ ಆಗ್ತಿದೆ. ಕೈ ಮುರಿಸಿಕೊಂಡು ಸಂತೋಷಪಡ್ತಿದೀನಲ್ಲ, ನನ್ನ ಮೇಲೆ ನನಗೇ ಅಸಹ್ಯ ಆಗ್ತಿದೆ."

ಕಂಬೆಯವರು ಅವಳ ಹತ್ತಿರ ಸರಿದು ಕೂತರು. "ವೈದ್ಯರನ್ನ ಕೇಳಿದೀನಿ ಮಗಳೇ. ಶರತ್ಕಾಲದಲ್ಲಿ ಎಲೆ ಕೆಂಪಾಗೋ ಹೊತ್ತಿಗೆ ಬೆರಳು ಬಗ್ಗುತ್ತೆ ಅಂದರು. ಮುಂಚಿನ ಹಾಗೆ ಆಡುತ್ತೋ ಇಲ್ಲವೋ ಹೇಳೋಕಾಗಲ್ಲವಂತೆ. ನಾನು ಕಾಯ್ತೀನಿ. ಬೇರೆ ಯಾರ ಹನ್ಯವನ್ನೂ ಹಾಕಿಕೊಳ್ಳಲ್ಲ."

ಇನುಯಿ ಎದ್ದು ನಿಂತ. ಮೊಗಿ ಕೈ ಹಿಡಿಯಲು ಬಂದಾಗ ಬೇಡವೆಂದು ತಲೆಯಾಡಿಸಿ, ಹಿದೆಜೋನ ಮುಂದೆ ನಿಂತು ಆಳವಾಗಿ ಬಾಗಿದ. "ಉಳಿ ನಿನ್ನದು, ಪಾಪ ನನ್ನದು. ಕಾರ್ಯಾಗಾರ ನೀನೇ ನೋಡಿಕೋ. ಅವಳ ಉಳಿಗಳಿಗೆ ತುಕ್ಕು ಹಿಡಿಸಬೇಡ."

"ಮಸೆದಿಟ್ಟಿರ್ತೀನಿ," ಎಂದ ಹಿದೆಜೋ. ಚಿಸೆಯ ಕಡೆ ನೋಡಿ, ಒರಟಾಗಿ, "ನೀನು ಮಸೆಯೋ ರೀತಿ ಮೊದಲಿನಿಂದಲೂ ತಪ್ಪು," ಎಂದು ಸೇರಿಸಿದ.

ಇನುಯಿ ಮೊಗಿಯ ಜೊತೆ ಇಳಿಜಾರಿನಲ್ಲಿ ಇಳಿದುಹೋದ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಎದ್ದರು. ಓರಿಯೆಯ ಕೈಯಿಂದ ಬುತ್ತಿಯ ಗಂಟನ್ನು ಹಿದೆಜೋ ಇಸಿದುಕೊಂಡ.

ಕೊನೆಗೆ ತಕಿಯಮ್ಮ ಮತ್ತು ಮೇಷ್ಟ್ರು ಇಬ್ಬರೇ ಗುಡ್ಡ ಇಳಿಯತೊಡಗಿದರು.

"ನೀವು ಅವತ್ತು ಇನುಯಿ ಅಂದಾಗ ನಾನು ನಗಬಾರದು ಅಂತ ತುಟಿ ಕಚ್ಚಿಕೊಂಡೆ," ಎಂದರು ತಕಿಯಮ್ಮ. "ನನಗೆ ಅವನ ಮೇಲೆ ಸಂಶಯವೇ ಬರುತ್ತಿರಲಿಲ್ಲ ಮೇಷ್ಟ್ರೇ. ಹಳೇ ಪರಿಚಯ ಕಣ್ಣು ಕಟ್ಟಿತ್ತು. ಚಾಪೆ ಕೆಳಗೆ ಏನಿದೆ ಅಂತ ಅಷ್ಟು ಸಿಟ್ಟಿನಿಂದ ನೋಡೋಕೆ ಹೊಟ್ಟೆಕಿಚ್ಚೇ ಬೇಕಿತ್ತು."

ಮೇಷ್ಟ್ರು ತಡವರಿಸಿದರು. "ನನಗೆ ಯಾಕೆ ಹೊಟ್ಟೆಕಿಚ್ಚು ಅಂತ ನೀವು ಕೇಳಲಿಲ್ಲ."

"ಊರಿನವರ ಮನಸ್ಸಲ್ಲಿರೋದನ್ನೆಲ್ಲ ವಿಚಾರಿಸಿ ತಿಳಿಯೋದು ನನ್ನ ಕಸುಬು," ಎಂದರು ತಕಿಯಮ್ಮ. "ಇದೊಂದನ್ನ ವಿಚಾರಿಸದೆ, ನೀವಾಗಿ ಹೇಳ್ತೀರೇನೋ ಅಂತ ಕಾಯ್ತಾ ಇದೀನಿ."

ಇಳಿಜಾರು ಜಾರುತ್ತಿತ್ತು. ಮೇಷ್ಟ್ರು ಕೊಡೆಯನ್ನು ಎಡಗೈಗೆ ಬದಲಾಯಿಸಿ ಬಲಗೈ ಚಾಚಿದರು. ತಕಿಯಮ್ಮ ಅದನ್ನು ಹಿಡಿದುಕೊಂಡರು. ಮೇಷ್ಟ್ರು ಹೇಳಲು ಬಾಯಿ ತೆರೆದರು.